ಮಾಸ್ಟೊಡಾನಿಗೆ ಬಂದ್ರಾ? ಮೊದಲ ವಾರ ಇಷ್ಟು ಮಾಡ್ಕೊಳಿ

ಅಕೌಂಟ್ ಮಾಡ್ದೆ ಗುರು, ಒಳಗೆ ಯಾರೂ ಇಲ್ವಲ್ಲ, ಬಣಗುಡ್ತಿದೆ ಅಂತ ಮಾಸ್ಟೊಡಾನಿಗೆ, ಅಂದ್ರೆ ಟ್ವಿಟರ್ ಥರದ್ದೇ ಆದ್ರೆ ಒಂದೇ ಕಂಪನಿ ಕೈಲಿಲ್ಲದ ಈ ಸೋಶಿಯಲ್ ಮೀಡಿಯಾಗೆ, ಬಂದೋರೆಲ್ಲ ಕೇಳ್ತಾರೆ. ನಾನೂ ಕೇಳಿದ್ದೆ, ಎರಡು ದಿನ ನೋಡಿ ಆಪ್ ತೆಗ್ದು ಹಾಕಿ ಆರು ತಿಂಗಳು ಬಿಟ್ಟು ವಾಪಸ್ ಬಂದೋನು ನಾನು. ಆ ಆರು ತಿಂಗಳು ನಿಮ್ಗೆ ಉಳೀಲಿ ಅಂತ ಇದನ್ನ ಬರೀತಿದೀನಿ.

ಹಳೇ ಬೆಂಗಳೂರು, ಮೈಸೂರು ಕಡೆ ವಠಾರ ಇರ್ತಿತ್ತಲ್ಲ, ಒಂದು ಅಂಗಳ, ಒಂದು ನಲ್ಲಿ, ಎಂಟ್ಹತ್ತು ಮನೆ, ರಾತ್ರಿ ಇಷ್ಟೊತ್ತಿಗೆ ಗೇಟ್ ಹಾಕ್ತೀನಿ ಅಂತ ಹೇಳೋ ಒಬ್ಬ ಓನರ್ರು. ಇಲ್ಲಿ ಒಂದೊಂದು ಸರ್ವರ್ರೂ, ಅಂದ್ರೆ ಬೇರೆ ಬೇರೆಯೋರು ನಡೆಸೋ ಒಂದೊಂದು ಮಾಸ್ಟೊಡಾನ್ ಸೈಟೂ, ಒಂದೊಂದು ವಠಾರ. ನೀವು ಒಂದ್ರಲ್ಲಿ ಮನೆ ಮಾಡ್ತೀರ, ಅಲ್ಲಿಂದ್ಲೇ ಬೇರೆ ಸಾವಿರಾರು ವಠಾರದೋರನ್ನ ಫಾಲೋ ಮಾಡ್ಬೋದು, ಮಾತಾಡ್ಬೋದು, ಜಿಮೇಲಿಂದ ಯಾಹೂಗೆ ಮೇಲ್ ಹೋಗಲ್ವಾ ಹಂಗೆ. ಅದಕ್ಕೇ ನಿಮ್ಮ ಹ್ಯಾಂಡಲ್ಲಲ್ಲಿ ನಿಮ್ಮ ಹೆಸರಾದ್ಮೇಲೆ ಸರ್ವರ್ ಹೆಸರೂ ಇರತ್ತೆ. ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಇದನ್ನ ಹೊರಗೆ ಬಿಟ್ಟಿದ್ದು, ಸರ್ವರ್‌ಗಳು ಒಂದಕ್ಕೊಂದು ಮಾತಾಡೋ ಆಕ್ಟಿವಿಟಿಪಬ್ ಅನ್ನೋ ಪ್ರೋಟೋಕಾಲ್ 2018ರಲ್ಲಿ ಸ್ಟ್ಯಾಂಡರ್ಡ್ ಆಯ್ತು. ಫೋಟೋಗೆ ಪಿಕ್ಸೆಲ್‌ಫೆಡ್, ವಿಡಿಯೋಗೆ ಪಿಯರ್‌ಟ್ಯೂಬ್, ಚರ್ಚೆಗೆ ಲೆಮ್ಮಿ, ಎಲ್ಲಾ ಇದೇ ಊರಿನ ಬೇರೆ ಬೇರೆ ಬೀದಿ.

ಇಷ್ಟೆಲ್ಲ ತಲೆನೋವು ಯಾಕೆ ಅಂದ್ರೆ, ಟ್ವಿಟರ್ ಥರ ಇದ್ದ ‘ಕೂ’ ಆಪ್ ನೆನಪಿಸ್ಕೊಳಿ. ನಮ್ಮ ಬೆಂಗಳೂರಿಂದೇ, ಕನ್ನಡದಲ್ಲೇ ಶುರುವಾಗಿದ್ದು, 2024ರ ಜುಲೈನಲ್ಲಿ ಕಂಪನಿ ಬಾಗಿಲು ಹಾಕ್ತು, ಅಲ್ಲಿದ್ದ ಕನ್ನಡದ ಗುಂಪೂ ಚದುರ್ತು. ಇಲ್ಲಿ ಒಂದು ವಠಾರ ಮುಚ್ಚಿದ್ರೆ ಆ ಒಂದೇ ಮುಚ್ಚತ್ತೆ, ಊರು ಇರತ್ತೆ.

ಹಂಗಂತ ಯಾವ್ದೋ ಒಂದಕ್ಕೆ ಕಣ್ಮುಚ್ಚಿ ಸೇರ್ಕೊಬೇಡಿ. ನಾನು ಮೊದ್ಲು ಸೇರಿದ್ದು ಯಾರೋ ಹವ್ಯಾಸಕ್ಕೆ ನಡೆಸ್ತಿದ್ದ ಸಣ್ಣ ಸರ್ವರ್ರು, ಹೆಸರು ಬೇಡ ಬಿಡಿ, ಒಂದು ಸೋಮವಾರ ಬೆಳಗ್ಗೆ ಕಾಫಿ ಹಿಡ್ಕೊಂಡು ತೆಗೆದ್ರೆ ಪೇಜೇ ಇಲ್ಲ, ಹೇಳ್ಲಿಲ್ಲ ಕೇಳ್ಲಿಲ್ಲ. ಇನ್ನೂರು ಚಿಲ್ರೆ ಜನರನ್ನ ಫಾಲೋ ಮಾಡ್ತಿದ್ದೆ, ನೆನಪಿಂದ ಹುಡ್ಕೊಂಡಿದ್ದು ನಲ್ವತ್ತೋ ಏನೋ. ಈಗ ತಿಂಗಳಿಗೊಂದ್ಸಲ ಸೆಟ್ಟಿಂಗ್ಸಲ್ಲಿ ಎಕ್ಸ್‌ಪೋರ್ಟ್‌ಗೆ ಹೋಗಿ ಫಾಲೋ ಲಿಸ್ಟಿನ ಸಿಎಸ್‌ವಿ ಫೈಲ್ ಇಳಿಸಿ ಇಟ್ಕೊತೀನಿ, ಅರ್ಧ ನಿಮಿಷದ ಕೆಲ್ಸ.

ಸೇರೋಕ್ಮುಂಚೆ ಆ ಸರ್ವರ್ರಿನ ಅಬೌಟ್ ಪೇಜ್ ತೆಗ್ದು ಓದಿ. ನಡೆಸೋರು ಯಾರು, ಒಬ್ರೇನಾ ಇಬ್ರು ಮೂವರು ಇದಾರಾ, ದುಡ್ಡು ಎಲ್ಲಿಂದ ಬರತ್ತೆ, ಬೈಗುಳಕ್ಕೆ ದ್ವೇಷಕ್ಕೆ ಏನ್ ರೂಲ್ಸ್ ಇದೆ ಅಂತ. ಮಾಸ್ಟೊಡಾನಿನ ಅಧಿಕೃತ ಪಟ್ಟಿಗೆ ಸೇರೋ ಸರ್ವರ್‌ಗಳು ದಿನಾ ಬ್ಯಾಕಪ್ ತಗೋತೀವಿ, ಮುಚ್ಚೋದಾದ್ರೆ 3 ತಿಂಗಳು ಮುಂಚೆ ಹೇಳ್ತೀವಿ ಅಂತ ಒಪ್ಕೊಂಡಿರ್ತವೆ, ಹೊಸಬ್ರು ಅಲ್ಲಿಂದ ಆರಿಸಿದ್ರೆ ಸೇಫು. ಯಾಕೆ ಸೇರ್ತಿದೀರ ಅಂತ ಎರಡು ಸಾಲು ಬರೆಸ್ಕೊಂಡು ಒಳಗೆ ಬಿಡೋ ಸರ್ವರ್ ಸಿಕ್ರೆ ಬೇಜಾರ್ ಮಾಡ್ಕೊಬೇಡಿ, ಸ್ಪ್ಯಾಮ್ ಕಾಟ ಅಂಥ ಕಡೆ ಕಮ್ಮಿ ಅನ್ನೋದು ನನ್ನ ಅನುಭವ.

ಈಗ ಮುಖ್ಯವಾದ ಮಾತು, ಇದನ್ನ ಕನ್ನಡದೋರು ತುಂಬ ಜನ ಮಿಸ್ ಮಾಡ್ತಾರೆ. ಪೋಸ್ಟ್ ಬರೆಯೋ ಬಾಕ್ಸಿನ ಹತ್ರ ಭಾಷೆ ಆರಿಸೋ ಒಂದು ಸಣ್ಣ ಬಟನ್ ಇರತ್ತೆ, ಸುಮ್ನೆ ಬಿಟ್ರೆ ನೀವು ಮಾಸ್ಟೊಡಾನನ್ನ ಯಾವ ಭಾಷೇಲಿ ಇಟ್ಕೊಂಡಿದೀರೋ ಅದೇ, ಅಂದ್ರೆ ಸಾಮಾನ್ಯವಾಗಿ ಇಂಗ್ಲಿಷ್ ಅಂತ ಕೂತಿರತ್ತೆ. ನೀವು ಅಚ್ಚಗನ್ನಡದಲ್ಲಿ ಬರೆದ್ರೂ ಅದರ ಹಣೇಲಿ ಇಂಗ್ಲಿಷ್ ಅಂತಿದ್ರೆ, ಎಲ್ರ ಪೋಸ್ಟೂ ಬರೋ ಪಬ್ಲಿಕ್ ಟೈಮ್‌ಲೈನಲ್ಲಿ ಕನ್ನಡ ಮಾತ್ರ ಸಾಕು ಅಂತ ಫಿಲ್ಟರ್ ಹಾಕ್ಕೊಂಡಿರೋ ಮನುಷ್ಯನ ಕಣ್ಣಿಗೆ ನೀವು ಬೀಳೋದೇ ಇಲ್ಲ, ಎದುರುಬದುರು ಮನೇಲಿದ್ದೂ ಗೊತ್ತಾಗಲ್ಲ. ಪ್ರಿಫರೆನ್ಸಸಲ್ಲಿ ಪೋಸ್ಟಿಂಗ್ ಲ್ಯಾಂಗ್ವೇಜ್ ಕನ್ನಡ ಅಂತ ಒಂದ್ಸಲ ಸೆಟ್ ಮಾಡ್ಬಿಡಿ, ಇಂಗ್ಲಿಷಲ್ಲಿ ಬರೆಯೋವಾಗ ಬದಲಾಯಿಸ್ಕೊಂಡ್ರಾಯ್ತು.

ಆಮೇಲೆ ಆ ಖಾಲಿ ಫೀಡು. ಹೋಮಲ್ಲಿ ನಿಮ್ಗೆ ಏನ್ ತೋರಿಸ್ಬೇಕು ಅಂತ ಲೆಕ್ಕ ಹಾಕೋ ಅಲ್ಗಾರಿದಮ್ ಇಲ್ಲಿಲ್ಲ, ನೀವು ಫಾಲೋ ಮಾಡಿದ್ದು ಟೈಮ್ ಪ್ರಕಾರ ಬರತ್ತೆ ಅಷ್ಟೇ. ವಕೀಲ ಸಂಜಯ್ ಹೆಗ್ಡೆ ಅವ್ರ ಟ್ವಿಟರ್ ಅಕೌಂಟ್ ಸಸ್ಪೆಂಡ್ ಆದ್ಮೇಲೆ 2019ರ ನವೆಂಬರಲ್ಲಿ ಇಂಡಿಯಾದಿಂದ ದೊಡ್ಡ ದಂಡೇ ಬಂತು, 2022ರಲ್ಲಿ ಮಸ್ಕ್ ಟ್ವಿಟರ್ ಕೊಂಡ್ಕೊಂಡಾಗ ಇನ್ನೊಂದು, ತುಂಬ ಜನ ಉಳೀಲಿಲ್ಲ. ಫೀಡ್ ತಾನಾಗೇ ತುಂಬತ್ತೆ ಅಂತ ಕಾಯ್ತಾ ಕೂತ್ರು ಅನ್ಸತ್ತೆ ನಂಗೆ. ಬಂದ ದಿನಾನೇ ಬಯೋ ಬರೀರಿ, ಫೋಟೋ ಹಾಕಿ, ಖಾಲಿ ಪ್ರೊಫೈಲನ್ನ ಯಾರೂ ವಾಪಸ್ ಫಾಲೋ ಮಾಡಲ್ಲ. ನಾನು ಇಂಥೋನು, ನಂಗೆ ಇಂಥಿಂಥದು ಇಷ್ಟ ಅಂತ ಒಂದು ಪರಿಚಯದ ಪೋಸ್ಟ್ ಹಾಕಿ ಹ್ಯಾಶ್‌ಟ್ಯಾಗ್ ಸಮೇತ ಪಿನ್ ಮಾಡಿ. ಹ್ಯಾಶ್‌ಟ್ಯಾಗನ್ನೂ ಫಾಲೋ ಮಾಡ್ಬೋದು ಇಲ್ಲಿ, ಕನ್ನಡ, ಹಕ್ಕಿ, ತೋಟ, ಲಿನಕ್ಸ್, ಏನ್ ಬೇಕೋ ಅದು. ಇನ್ನೊಂದು, ಇಲ್ಲಿ ಲೈಕ್ ಒತ್ತಿದ್ರೆ ಬರೆದೋರಿಗೆ ಖುಷಿ ಆಗತ್ತೆ ಅಷ್ಟೇ, ಪೋಸ್ಟ್ ಮುಂದಕ್ಕೆ ಹೋಗಲ್ಲ, ನಾಲ್ಕು ಜನಕ್ಕೆ ಮುಟ್ಟಬೇಕು ಅಂದ್ರೆ ಬೂಸ್ಟ್ ಒತ್ಬೇಕು, ಆಗ ಅದು ನಿಮ್ಮ ಫಾಲೋವರ್ಸಿಗೂ ಹೋಗತ್ತೆ.

ಹಲಸಿನಕಾಯಿ ಹಪ್ಪಳ ಯಾಕೆ ಹಿಂಗ್ ಒಡೀತಿದೆ ಅಂತ ಫೋಟೋ ಸಮೇತ ಕೇಳಿದ್ದೆ ಒಂದ್ಸಲ. ಲೈಕು ಬಂದಿದ್ದು ಮೂರು. ರಿಪ್ಲೈ ಹನ್ನೊಂದು, ಕಾಯಿ ಬಲಿತಿಲ್ಲ ಮಾರಾಯಾ ಅಂತ ಶಿರಸಿ ಕಡೆಯೋರು ಒಬ್ರು ಶುರು ಮಾಡಿದ್ದು, ರುಬ್ಬೋವಾಗ ನೀರು ಹಾಕಿದೀಯಾ ಅಂತ ಇನ್ನೊಬ್ರು, ರಾತ್ರಿವರೆಗೂ ನಡೀತು. (ನೀರು ಹಾಕಿದ್ದೆ.)

ಪ್ರೈವೇಟ್ ಮೆನ್ಷನ್, ಅಂದ್ರೆ ಅದ್ರಲ್ಲಿ ಹ್ಯಾಂಡಲ್ ಹಾಕಿದೋರಿಗೆ ಮಾತ್ರ ಹೋಗೋ ಮೆಸೇಜು, ಅದ್ರ ಬಗ್ಗೆ ಹುಷಾರು. ಅದು ಎನ್‌ಕ್ರಿಪ್ಟ್ ಆಗಿರಲ್ಲ, ಸರ್ವರ್ ನಡೆಸೋರು ಮನಸ್ಸು ಮಾಡಿದ್ರೆ ಓದ್ಬೋದು, ಆಧಾರ್ ನಂಬರ್ರು ಬ್ಯಾಂಕ್ ವಿಷ್ಯ ಅಲ್ಲಿ ಬರೀಬೇಡಿ. ಅದಕ್ಕಿಂತ ಮಜಾ ಏನಂದ್ರೆ, ಯಾರ ಬಗ್ಗೆ ಗಾಸಿಪ್ ಮಾಡ್ತಿದೀರೋ ಅವ್ರ ಹ್ಯಾಂಡಲ್ ಅದ್ರಲ್ಲಿ ಟೈಪ್ ಮಾಡಿದ್ರೆ ಆ ಮೆಸೇಜು ಅವ್ರಿಗೂ ಹೋಗತ್ತೆ!

ಸ್ನೇಹಿತರೆಲ್ಲ ಸೇರಿ ನಮ್ಮದೇ ಸರ್ವರ್ ಹಾಕೋಣ ಅಂತ ಉತ್ಸಾಹ ಬಂದ್ರೆ ಆರು ತಿಂಗಳು ಬಾಡಿಗೆ ಮನೇಲಿ ಇದ್ದು ನೋಡಿ ಆಮೇಲೆ ಯೋಚ್ನೆ ಮಾಡಿ. ಬೇರೆ ಸರ್ವರ್‌ಗಳಿಂದ ಬರೋ ಫೋಟೋ ವಿಡಿಯೋದ ಕಾಪಿ ನಿಮ್ಮ ಸರ್ವರಲ್ಲೂ ಉಳ್ದು ಉಳ್ದು ಡಿಸ್ಕ್ ತುಂಬ್ತಾನೇ ಇರತ್ತೆ, ಅದನ್ನ ಖಾಲಿ ಮಾಡ್ತಿರ್ಬೇಕು. ಐದಾರು ಜನಕ್ಕಾದ್ರೆ ಮಾಸ್ಟೊಡಾನ್ ಬದ್ಲು ಗೋಟುಸೋಶಿಯಲ್ ಅನ್ನೋ ಸರ್ವರ್ ಸಾಫ್ಟ್‌ವೇರ್ ಹಗುರ.

ಇನ್ನು ವಠಾರ ಬದಲಾಯಿಸೋದು. ಮೊದ್ಲು ಹೊಸ ಅಕೌಂಟಲ್ಲಿ ಹಳೇದರ ಹ್ಯಾಂಡಲನ್ನ ಏಲಿಯಾಸ್ (ಇದೂ ನಂದೇ ಇನ್ನೊಂದು ಹೆಸರು) ಅಂತ ಹಾಕಿ, ಆಮೇಲೆ ಹಳೇದಕ್ಕೆ ಹೋಗಿ ಮೂವ್ ಒತ್ತಿ, ಈ ಕ್ರಮ ತಿರುಗಾಮುರುಗಾ ಮಾಡಿದ್ರೆ ಎರರ್ ಬರತ್ತೆ. ಫಾಲೋವರ್ಸ್ ತಾವಾಗೇ ನಿಧಾನಕ್ಕೆ ಬಂದು ಸೇರ್ಕೊತಾರೆ, ನೀವು ಫಾಲೋ ಮಾಡ್ತಿದ್ದೋರನ್ನ ಆ ಸಿಎಸ್‌ವಿ ಫೈಲಿಂದ ಹೊಸದಕ್ಕೆ ಇಂಪೋರ್ಟ್ ಮಾಡ್ಕೊಬೇಕು. ಹಳೇ ಪೋಸ್ಟ್‌ಗಳು ಮಾತ್ರ ಬರಲ್ಲ, ಹಳೇ ಮನೇಲೇ ಉಳೀತವೆ, ಬೇಕಿದ್ರೆ ಆರ್ಕೈವ್ ಡೌನ್‌ಲೋಡ್ ಮಾಡಿಟ್ಕೊಳಿ. ಒಂದ್ಸಲ ಮೂವ್ ಆದ್ರೆ 30 ದಿನ ಮತ್ತೆ ಮೂವ್ ಮಾಡೋಕಾಗಲ್ಲ, ಸಿಟ್ಟಲ್ಲಿದ್ದಾಗ ಆ ಬಟನ್ ಒತ್ಬೇಡಿ.