ಅಡ್ವಾನ್ಸ್ ಕೊಡುವ ಮುಂಚೆ ಟೇಪು ಹಿಡಿಯಿರಿ: ಹಳೇ ಮನೆಗೆ ಸರ್ವೆ ಮಾಡಿಸುವುದು ಹೇಗೆ?

ಬೆಂಗಳೂರಿನಲ್ಲಿ ಮನೆ ನೋಡಲು ಹೋದವರು ಏನೇನು ಕೇಳುತ್ತಾರೆ? ಬಾಗಿಲು ಯಾವ ದಿಕ್ಕಿಗಿದೆ, ಕಾವೇರಿ ನೀರು ಬರುತ್ತಾ, ಕಾರು ಒಳಗೆ ನಿಲ್ಲುತ್ತಾ, ಬೋರ್‌ವೆಲ್ ಎಷ್ಟು ಅಡಿ. ಸೈಟು ನಿಜಕ್ಕೂ ಎಷ್ಟು ಅಡಿ ಅಂತ ಅಳೆದು ನೋಡುವವರು ಕಡಿಮೆ. ಪತ್ರದಲ್ಲಿ ತರ್ಟಿ-ಫಾರ್ಟಿ ಅಂತ ಬರೆದಿದೆಯಲ್ಲ, ಇನ್ನೇನು ಅಂತ ಸುಮ್ಮನಾಗುತ್ತಾರೆ. ಉತ್ತರಹಳ್ಳಿ ಕಡೆ ಒಂದು ಹಳೇ ಮನೆ ನೋಡಿದಾಗ ನಾನೂ ಹಾಗೇ ಸುಮ್ಮನಿದ್ದೆ. ನಮ್ಮ ಭಾವ ಕಟ್ಟಡ ಕೆಲಸದವರು. ಗೇಟಿನ ಮುಂದೆ ಹೆಜ್ಜೆ ಹಾಕಿ ಎಣಿಸಿ, "ಇದು ಮೂವತ್ತು ಇಲ್ಲ ಕಣೋ" ಅಂದರು.

ಅಲ್ಲಿಂದ ಶುರುವಾದ ಓಡಾಟ ಸರ್ವೆ ಮುಗಿಯುವ ಹೊತ್ತಿಗೆ ಒಂದೂವರೆ ತಿಂಗಳು ತೆಗೆದುಕೊಂಡಿತು. ಅಳತೆಗೆ ಹಿಡಿದಿದ್ದು ಎರಡು ಗಂಟೆ. ಉಳಿದಿದ್ದೆಲ್ಲ ಆ ಎರಡು ಗಂಟೆಯನ್ನು ಹೊಂದಿಸುವುದಕ್ಕೆ.

ಮೊದಲ ಕೆಲಸ: ಇದು ಯಾವ ಥರದ ಜಾಗ ಅಂತ ತಿಳಿಯಿರಿ

'ಸರ್ವೆ ಮಾಡಿಸಿ' ಅಂತ ವಕೀಲರು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಆದರೆ ಜಾಗ ಬದಲಾದರೆ ಸರ್ವೆಯೂ ಬದಲಾಗುತ್ತದೆ.

ಬಿಡಿಎ ಬಡಾವಣೆಯ ಸೈಟಾದರೆ ಅನುಮೋದಿತ ಬಡಾವಣೆ ನಕ್ಷೆ ಇರುತ್ತದೆ, ಸ್ವಾಧೀನ ಪತ್ರದಲ್ಲಿ ಅಳತೆ ಇರುತ್ತದೆ. ಅದನ್ನು ನೆಲದ ಮೇಲೆ ತಾಳೆ ನೋಡಿದರೆ ಸಾಕು. ಇಲ್ಲೊಂದು ವಿಷಯ ಗಮನಿಸಿ. ಹೊಸ ಬಡಾವಣೆಗಳಲ್ಲಿ ತರ್ಟಿ-ಫಾರ್ಟಿ ಅಂತ ನಾವು ಕರೆಯುವ ಸೈಟು ಕಾಗದದಲ್ಲಿ 9 ಮೀಟರ್ × 12 ಮೀಟರ್ ಆಗಿರುತ್ತದೆ. ಅಂದರೆ ಸುಮಾರು 1,162 ಚದರ ಅಡಿ, 1,200 ಅಲ್ಲ. ಯಾರೂ ಕದ್ದಿಲ್ಲ, ನಾವು ಕರೆಯುವ ಹೆಸರೇ ದೊಡ್ಡದು. ಪಕ್ಕದ ಮನೆಯವರ ಮೇಲೆ ಜಗಳಕ್ಕೆ ಹೋಗುವ ಮುಂಚೆ ಇದನ್ನು ನೋಡಿಕೊಳ್ಳಿ.

ರೆವಿನ್ಯೂ ಸೈಟು (ಪರಿವರ್ತನೆ ಆಗದ ಕೃಷಿ ಜಮೀನಿನಲ್ಲಿ ಮಾಡಿದ ಸೈಟು), ಅಥವಾ ಜಮೀನು ಪರಿವರ್ತನೆ ಮಾಡಿ ಖಾಸಗಿಯವರು ಮಾಡಿದ ಲೇಔಟ್ ಆದರೆ ಮೂಲ ಸರ್ವೆ ನಂಬರಿನ ತನಕ ಹಿಂದಕ್ಕೆ ಹೋಗಬೇಕು. ಪಹಣಿ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಮೂಲ ಸರ್ವೆಯ ಅಳತೆ ನಕ್ಷೆ), ಗ್ರಾಮ ನಕ್ಷೆ, ಇವಿಷ್ಟು ತೆಗೆಸಿ. ಲೆಕ್ಕ ಸುಲಭ: ಒಂದು ಗುಂಟೆ ಅಂದರೆ 33 ಅಡಿ × 33 ಅಡಿ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಆ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ ಇತ್ತು, ಎಷ್ಟು ಸೈಟು ಮಾರಿದ್ದಾರೆ, ರಸ್ತೆಗೆ ಎಷ್ಟು ಹೋಯಿತು ಅಂತ ಕೂಡಿಸಿ ನೋಡಿ. ಕೂಡಿದ್ದು ಇದ್ದದ್ದಕ್ಕಿಂತ ಜಾಸ್ತಿ ಬಂದರೆ ಕೊನೆಯ ಸೈಟಿನವರು ಗಾಳಿಯಲ್ಲಿ ಮನೆ ಕಟ್ಟಿದ್ದಾರೆ ಅಂತ ಅರ್ಥ. ಪಹಣಿಯಲ್ಲಿ 'ಖರಾಬು' (ಸಾಗುವಳಿಗೆ ಬಾರದ ಜಾಗ) ಅಂತ ಇದ್ದರೆ ಎ ಖರಾಬಾ, ಬಿ ಖರಾಬಾ ಕೇಳಿ. ಬಿ ಖರಾಬು ಅಂದರೆ ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಜಾಗ. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ.

ಹೆಸರಿನಲ್ಲೇ ಹಳ್ಳಿ ಇರುವ ಏರಿಯಾಗಳ ಹಳೇ ಊರೊಳಗಿನ ಮನೆಗಳದ್ದು ಬೇರೆಯೇ ಕಥೆ. ಗ್ರಾಮಠಾಣಾವನ್ನು, ಅಂದರೆ ಊರಿನ ಮನೆಗಳಿರುವ ಜಾಗವನ್ನು, ಹಳೇ ಸರ್ವೆಯಲ್ಲಿ ಒಂದೇ ತುಂಡಾಗಿ ಬಿಟ್ಟಿದ್ದರು, ಮನೆ ಮನೆ ಅಳೆದಿರಲಿಲ್ಲ. ಅಲ್ಲಿ ನಿಮಗೆ ಆಧಾರ ಅಂದರೆ ಪತ್ರದ ಚೆಕ್ಕುಬಂದಿ (ನಾಲ್ಕು ದಿಕ್ಕಿಗೂ ಏನಿದೆ ಅನ್ನುವ ವಿವರ) ಮತ್ತು ಅಕ್ಕಪಕ್ಕದವರ ಬಾಯಿ ಮಾತು.

ಫ್ಲಾಟ್ ಕೊಳ್ಳುವವರು ಕಾರ್ಪೆಟ್ ಏರಿಯಾ (ಗೋಡೆಗಳ ಒಳಗಿನ ಜಾಗ) ಅಳೆಸಿ, ನೆಲದಲ್ಲಿ ನಿಮಗೆ ಬರುವ ಅವಿಭಾಜ್ಯ ಹಕ್ಕಿನ ಪಾಲು ಎಷ್ಟು ಅಂತ ನೋಡಿ, ಮುಂದಕ್ಕೆ ಹೋಗಬಹುದು.

ಎರಡನೆಯದು: ಅರ್ಜಿ ನೀವು ಹಾಕೋಕಾಗಲ್ಲ

ಹೆಚ್ಚಿನವರು ಎಡವುವುದು ಇಲ್ಲೇ. ಸರ್ಕಾರಿ ಸರ್ವೆಯರ್ ಬಂದು ಗಡಿ ಗುರುತಿಸುವುದಕ್ಕೆ ಹದ್ದುಬಸ್ತು ಅನ್ನುತ್ತಾರೆ. ಭೂಮಾಪನ ಇಲಾಖೆಯ 'ಮೋಜಿಣಿ' ವ್ಯವಸ್ಥೆಯಲ್ಲಿ ಅರ್ಜಿ ಹಾಕಬೇಕು, ನಾಡಕಚೇರಿಯಲ್ಲೂ ಕೊಡಬಹುದು. ಆದರೆ ಅರ್ಜಿ ಹಾಕಬೇಕಾದವರು ದಾಖಲೆಯಲ್ಲಿ ಹೆಸರಿರುವವರು. ನೀವು ಇನ್ನೂ ಕೊಳ್ಳುವವರು, ನಿಮ್ಮ ಹೆಸರಲ್ಲಿ ಏನೂ ಇಲ್ಲ. ಮಾರುವವರಿಗೆ ಅಷ್ಟೊಂದು ಆತುರ ಯಾಕಿರುತ್ತದೆ ಹೇಳಿ? ಅಡ್ವಾನ್ಸ್ ಕೈಗೆ ಬಂದ ಮೇಲಂತೂ ಫೋನೇ ಎತ್ತುವುದಿಲ್ಲ.

ಅದಕ್ಕೇ ಕರಾರು ಪತ್ರಕ್ಕೆ ಸಹಿ ಮಾಡುವಾಗಲೇ ಮೂರು ಸಾಲು ಸೇರಿಸಿ. ಸರ್ವೆಗೆ ಮಾರುವವರು ಒಪ್ಪಿದ್ದಾರೆ, ಅರ್ಜಿಗೆ ಸಹಿ ಮಾಡಿ ಆ ದಿನ ಜಾಗದಲ್ಲಿ ಇರುತ್ತಾರೆ. ಅಳತೆ ಕಮ್ಮಿ ಬಂದರೆ ಚದರ ಅಡಿ ಲೆಕ್ಕದಲ್ಲಿ ಬೆಲೆ ಇಳಿಯುತ್ತದೆ. ಇಷ್ಟಕ್ಕಿಂತ ಜಾಸ್ತಿ ಕಮ್ಮಿ ಬಂದರೆ, ಅಥವಾ ಒತ್ತುವರಿ ಸಿಕ್ಕರೆ, ಮುಂಗಡ ಪೂರ್ತಿ ವಾಪಸ್. 'ಇಷ್ಟು' ಅಂದರೆ ಎಷ್ಟು ಅಂತ ನೀವಿಬ್ಬರು ಕೂತು ತೀರ್ಮಾನಿಸಿ, ಅಂಕಿ ಬರೆಯಿರಿ. ಇನ್ನೂ ಒಳ್ಳೆಯದು ಅಂದರೆ ಸರ್ವೆ ಮುಗಿಯುವ ತನಕ ದೊಡ್ಡ ಮೊತ್ತ ಕೊಡದೆ ಟೋಕನ್‌ನಲ್ಲೇ ನಿಲ್ಲಿಸುವುದು. ಬ್ರೋಕರ್ "ಬೇರೆ ಪಾರ್ಟಿ ರೆಡಿ ಇದೆ ಸಾರ್" ಅನ್ನುತ್ತಾರೆ. ಅನ್ನಲಿ ಬಿಡಿ.

ಇಲಾಖೆಯ ಹದ್ದುಬಸ್ತಿಗೂ ಒಂದು ಮಿತಿ ಇದೆ. ಅವರ ಹಳೇ ದಾಖಲೆಯಲ್ಲಿ ಇರುವುದು ಸರ್ವೆ ನಂಬರಿನ ಗಡಿ. ಅದರೊಳಗೆ ಲೇಔಟ್‌ನವರು ಕತ್ತರಿಸಿದ ನಿಮ್ಮ 17ನೇ ನಂಬರ್ ಸೈಟಿನ ಮೂಲೆ ಟಿಪ್ಪಣಿಯಲ್ಲಿ ಇರುವುದಿಲ್ಲ. ಹಾಗಾಗಿ ನಗರದೊಳಗಿನ ಮನೆಗೆ ಬಹಳ ಸಲ ಖಾಸಗಿ ಸರ್ವೆಯರೇ ಗತಿ. ಖಾಸಗಿ ವರದಿ ಪಕ್ಕದವರನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ ಬೆಲೆ ಮಾತಾಡಲು, ಬೇಡ ಅಂತ ಎದ್ದು ಬರಲು ಅದು ಸಾಕು.

ಬ್ಯಾಂಕಿನವರು ಕಳಿಸುವ ವ್ಯಾಲ್ಯುಯರ್ ಬಂದು ಹೋದರಲ್ಲ ಅಂತ ಸಮಾಧಾನ ಪಡಬೇಡಿ. ಅವರು ಬರುವುದು ಬ್ಯಾಂಕಿನ ಸಾಲಕ್ಕೆ ಈ ಮನೆ ಸಾಕಾ ಅಂತ ನೋಡಲು. ನಿಮ್ಮ ಗಡಿ ಹುಡುಕುವುದು ಅವರ ಕೆಲಸ ಅಲ್ಲ.

ಮೂರನೆಯದು: ಸರ್ವೆಯರ್ ಸಿಗುವುದು, ಬರುವುದು, ಒಳಗೆ ಹೋಗುವುದು

ನನಗೆ ಸಿಕ್ಕ ಮೊದಲನೆಯವರು ವಾರಗಟ್ಟಲೆ "ನಾಳೆ ಸಾರ್" ಅಂದರು. ಎರಡನೆಯವರು ಬರೀ ಟೇಪು ಹಿಡಿದುಕೊಂಡು ಬಂದರು, ನಾನೇ ಇನ್ನೊಂದು ತುದಿ ಹಿಡಿಯಬೇಕಾಯಿತು. ಮೂರನೆಯವರು ಟೋಟಲ್ ಸ್ಟೇಷನ್ (ಮುಕ್ಕಾಲಿಯ ಮೇಲಿಟ್ಟು ದೂರ, ಕೋನ ಅಳೆಯುವ ಯಂತ್ರ) ತಂದರು, ಆದರೆ ಆ ದಿನ ಬಾಡಿಗೆಯವರು ಬೀಗ ಹಾಕಿಕೊಂಡು ಊರಿಗೆ ಹೋಗಿದ್ದರು. ಹಿತ್ತಲಿಗೆ ಹೋಗಲು ಬೇರೆ ದಾರಿ ಇರಲಿಲ್ಲ. ಬಂದು ಹೋದ ಖರ್ಚು ಮಾತ್ರ ನನ್ನದೇ.

ಹಾಗಾಗಿ ಫೋನಿನಲ್ಲೇ ಕೇಳಬೇಕಾದ್ದು: ಯಾವ ಯಂತ್ರ ತರುತ್ತೀರಿ? ಬಯಲು ಜಾಗಕ್ಕೆ ಉಪಗ್ರಹದ ಸಿಗ್ನಲ್‌ನಿಂದ ಅಳೆಯುವ ಡಿಜಿಪಿಎಸ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಎರಡೂ ಕಡೆ ಮೂರು ಮಹಡಿ ಎದ್ದು ನಿಂತಿರುವ ಗಲ್ಲಿಯಲ್ಲಿ ಆಕಾಶವೇ ಕಾಣದಿದ್ದಾಗ ಅದಕ್ಕೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಅಲ್ಲಿ ಟೋಟಲ್ ಸ್ಟೇಷನ್ನೇ ವಾಸಿ. ಅಳತೆಯ ನಕ್ಷೆಗೆ ಸಹಿ, ಸೀಲು ಹಾಕಿ ಕೊಡುತ್ತೀರಾ? ಗ್ರಾಮ ನಕ್ಷೆಯ ಮೇಲೆ ಕೂರಿಸಿ ತೋರಿಸುತ್ತೀರಾ? ಮತ್ತೆ ಬರಬೇಕಾದರೆ ಎಷ್ಟು? ದುಡ್ಡಿನ ಮಾತು ವಾಟ್ಸಾಪ್‌ನಲ್ಲಿ ಬರೆದುಕೊಳ್ಳಿ.

ದಿನ ಗೊತ್ತು ಮಾಡುವಾಗ ಮಾರುವವರು, ಬಾಡಿಗೆಯವರು, ಪಕ್ಕದ ಮನೆಯವರು, ಮೂವರಿಗೂ ಮುಂಚೆಯೇ ಹೇಳಿ. ಭಾನುವಾರ ಬೆಳಗ್ಗೆ ಸರಿ. ಪಕ್ಕದವರಿಗೆ ನೀವೇ ಹೋಗಿ ಹೇಳಿ, ಬ್ರೋಕರನ್ನು ಕಳಿಸಬೇಡಿ. ನಾನು ಹೋದಾಗ ಆ ಮನೆಯ ಆಂಟಿ ಗೇಟು ತೆಗೆಯದೇ, "ನಮ್ಮ ಕಾಂಪೌಂಡ್ ಒಡೆಸೋಕೆ ಬಂದಿದೀರಾ?" ಅಂತ ಕೇಳಿದರು. "ಇಲ್ಲಾ ಆಂಟಿ, ತಗೊಳ್ಳೋ ಮುಂಚೆ ಅಳತೆ ನೋಡ್ತಿದೀವಿ ಅಷ್ಟೇ, ನೀವೂ ಬಂದು ನಿಂತ್ಕೊಳ್ಳಿ" ಅಂದೆ. ಬಂದು ನಿಂತರು. ಗೋಡೆ ಕಟ್ಟಿದ್ದು ಯಾರು ಅಂತ ಅವರಿಂದಲೇ ಗೊತ್ತಾಯಿತು.

ಆ ದಿನ ನೀವು ಮಾಡಬೇಕಾದ್ದು

ಗೋಡೆಯ ಒಳಮುಖದಿಂದ ಅಳೆಯುತ್ತಾರಾ, ಹೊರಮುಖದಿಂದಲಾ, ಮಧ್ಯದಿಂದಲಾ ಅಂತ ಮೊದಲೇ ಕೇಳಿ. ಒಂಬತ್ತು ಇಂಚಿನ ಗೋಡೆ ಎರಡೂ ಬದಿ ಇದ್ದರೆ ಇದೊಂದರಲ್ಲೇ ಒಂದೂವರೆ ಅಡಿ ಆಚೀಚೆ ಆಗುತ್ತದೆ. ನಾಲ್ಕು ಬದಿಯನ್ನೂ ಅಳೆಸಿ, ಮುಂದೆ ಮೂವತ್ತು ಇದ್ದರೆ ಹಿಂದೆಯೂ ಮೂವತ್ತು ಇರಬೇಕೆಂದೇನಿಲ್ಲ.

ಆಮೇಲೆ ಮೂಲೆಯಿಂದ ಮೂಲೆಗೆ. ಮೇಸ್ತ್ರಿಗಳ 3-4-5 ಲೆಕ್ಕ ಗೊತ್ತಲ್ವಾ? 30×40 ಸೈಟಿನ ಎರಡೂ ಕರ್ಣ ಸರಿಯಾಗಿ 50 ಅಡಿ ಬರಬೇಕು. ಒಂದು 51, ಇನ್ನೊಂದು 49 ಬಂದರೆ ಸೈಟು ಸೊಟ್ಟಗಿದೆ. ವಿಸ್ತೀರ್ಣ ಒಂದು ಚದರ ಅಡಿಯಷ್ಟೇ ಕಮ್ಮಿ ಆಗಿರುತ್ತದೆ, ಆದರೆ ಮುಂದೆ ಒಡೆದು ಕಟ್ಟುವಾಗ ನೆಟ್ಟಗಿನ ಪ್ಲಾನು ಅದರೊಳಗೆ ಕೂರುವುದಿಲ್ಲ.

ಪತ್ರದ ಚೆಕ್ಕುಬಂದಿ ಕೈಯಲ್ಲಿ ಹಿಡಿದು ನಾಲ್ಕು ದಿಕ್ಕೂ ನೋಡಿ. ಅಳತೆಗೂ ಚೆಕ್ಕುಬಂದಿಗೂ ಜಗಳ ಬಂದರೆ ಸಾಮಾನ್ಯವಾಗಿ ಕೋರ್ಟಿನಲ್ಲಿ ಗೆಲ್ಲುವುದು ಚೆಕ್ಕುಬಂದಿ. ಇ-ಖಾತಾದಲ್ಲಿರುವ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ವಿಸ್ತೀರ್ಣವನ್ನೂ ತಾಳೆ ನೋಡಿ, ತಪ್ಪಿದ್ದರೆ ಮಾರುವವರ ಕೈಯಲ್ಲೇ ತಿದ್ದಿಸಿ. ಈಗ ಇ-ಖಾತಾ ಇಲ್ಲದೆ ನಗರದಲ್ಲಿ ನೋಂದಣಿ ಆಗುವುದಿಲ್ಲ.

'ದಿಶಾಂಕ್' ಆ್ಯಪ್ ತೆರೆದರೆ ನೀವು ನಿಂತಿರುವ ಜಾಗದ ಸರ್ವೆ ನಂಬರು ಕಾಣುತ್ತದೆ. ಬಹಳ ಉಪಯೋಗ, ಆದರೆ ಅದರ ಗೆರೆ ನಂಬಿ ಗೋಡೆ ಕಟ್ಟಬೇಡಿ. ಅದರಿಂದ ಆಗುವ ದೊಡ್ಡ ಲಾಭ ಅಂದರೆ ಹತ್ತಿರ ಕೆರೆ, ಹಳ್ಳ ಇದೆಯಾ ಅಂತ ಗೊತ್ತಾಗುವುದು. ಅವುಗಳ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗಕ್ಕೆ ಬಫರ್ ಅನ್ನುತ್ತಾರೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಎನ್‌ಜಿಟಿ) ಹಾಕಿದ್ದ ಬಫರ್ ಅಳತೆಯನ್ನು 2019ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಬೆಂಗಳೂರಿನ ಮಾಸ್ಟರ್ ಪ್ಲಾನ್ 2015ರ ಪ್ರಕಾರ ಕೆರೆಗೆ 30 ಮೀಟರ್, ರಾಜಕಾಲುವೆಗೆ ಅದರ ದರ್ಜೆ ನೋಡಿ 50, 25, 15 ಮೀಟರ್. ಕಾಲುವೆಯದ್ದನ್ನು ನಡುವಿನಿಂದ ಅಳೆಯಬೇಕು. ಈಗ ಮೇಲೆ ಚಪ್ಪಡಿ ಮುಚ್ಚಿ ಮೋರಿ ಥರ ಕಾಣುತ್ತಿರುವುದು ಗ್ರಾಮ ನಕ್ಷೆಯಲ್ಲಿ ದೊಡ್ಡ ಹಳ್ಳವೇ ಆಗಿರಬಹುದು. ನಕ್ಷೆಯಲ್ಲಿ ಅಂಥ ಗೆರೆ ಕಂಡರೆ ನಾನಾದರೆ ಬೆಲೆ ಕೂಡ ಕೇಳದೆ ವಾಪಸ್ ಬರುತ್ತೇನೆ.

ಕಮ್ಮಿ ಬಂದರೆ?

ನಮ್ಮದು ಮುಂದೆ 28.5 ಅಡಿ, ಹಿಂದೆಯೂ ಅಷ್ಟೇ ಬಂತು. 60 ಚದರ ಅಡಿ ಕಮ್ಮಿ. ಅಡಿಗೆ ಎಂಟು ಸಾವಿರ ಅಂತ ಮಾತಾಗಿತ್ತು, ಅಂದರೆ 4.8 ಲಕ್ಷ. ಮಾರುವವರು ವಯಸ್ಸಾದ ಮೇಷ್ಟ್ರು, ಅವರಿಗೇ ಗೊತ್ತಿರಲಿಲ್ಲ. "ಮೂವತ್ತು ವರ್ಷದ ಹಿಂದೆ ಪಕ್ಕದವರು ಗೋಡೆ ಕಟ್ಟೋವಾಗ ನಾನು ಸ್ಕೂಲಲ್ಲಿದ್ದೆನಪ್ಪ" ಅಂದರು. ಗೋಡೆ ಒಡೆಸಿ ಕೊಡಿ ಅಂತ ಕೇಳಬಹುದಿತ್ತು. ಅದು ಸಿವಿಲ್ ಕೋರ್ಟಿನ ದಾರಿ, ವರ್ಷಗಟ್ಟಲೆ. ಬೇಡ ಅಂತ ಬೆಲೆ ಇಳಿಸಿಕೊಂಡೆವು.

ಇಷ್ಟಾದ ಮೇಲೂ ಕ್ರಯಪತ್ರದ ಕರಡಿನಲ್ಲಿ ಮತ್ತೆ 30×40 ಅಂತಲೇ ಬಂದಿತ್ತು, ಹಳೇ ಪತ್ರ ನೋಡಿ ಟೈಪ್ ಮಾಡಿದ್ದರು. ಹಳೇ ಅಳತೆಯ ಜೊತೆಗೆ ಈಗ ಸ್ಥಳದಲ್ಲಿ ಸಿಕ್ಕ ಅಳತೆಯನ್ನೂ ಬರೆಸಿ, ಸರ್ವೆ ನಕ್ಷೆಯನ್ನು ಪತ್ರಕ್ಕೆ ಲಗತ್ತಿಸಿದೆವು. ನೋಂದಣಿ ಆದ ಮೇಲೆ ಆಂಟಿಗೆ ಒಂದು ಜೆರಾಕ್ಸ್ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, ಗೋಡೆ ವಿಷಯಕ್ಕೆ ಬಂದಾಗ ಏನೂ ಹೇಳಲಿಲ್ಲ, ಕಾಫಿ ತರುತ್ತೇನೆ ಅಂತ ಒಳಗೆ ಹೋದರು.