ಕ್ಲೌಡ್ ಗೇಮಿಂಗ್ ಜಗ್ಗದಂತೆ ಮನೆಯ ನೆಟ್ ಹೊಂದಿಸುವುದು ಹೇಗೆ

200 ಎಂಬಿಪಿಎಸ್ ಫೈಬರ್ ಇದೆ, ಸ್ಪೀಡ್ ಟೆಸ್ಟ್ ಮಾಡಿದರೆ ಪೂರ್ತಿ ಬರುತ್ತದೆ, ಆದರೂ ಗೇಮ್ ಜಗ್ಗುತ್ತದೆ. ಈ ದೂರಿಗೆ ಇನ್ನೂ ದುಬಾರಿ ಪ್ಲಾನ್ ಹಾಕಿಸುವುದು ಮದ್ದಲ್ಲ. ಕ್ಲೌಡ್ ಗೇಮಿಂಗ್‌ನಲ್ಲಿ ಗೇಮ್ ಓಡುವುದು ದೂರದ ಸರ್ವರಿನಲ್ಲಿ, ನಮ್ಮ ಪರದೆಗೆ ಬರುವುದು ಅದರ ವಿಡಿಯೋ ಮಾತ್ರ. ಅದಕ್ಕೆ ಬೇಕಾದ ವೇಗ ಬಹಳವೇನಿಲ್ಲ. ಎನ್ವಿಡಿಯಾದ ಕ್ಲೌಡ್ ಗೇಮಿಂಗ್ ಸೇವೆ ಜಿಫೋರ್ಸ್ ನೌ 720ಪಿ ಚಿತ್ರಕ್ಕೆ 15, 1080ಪಿಗೆ 25, 4ಕೆಗೆ 45 ಎಂಬಿಪಿಎಸ್ ಕೇಳುತ್ತದೆ. 2025ರ ನವೆಂಬರ್‌ನಲ್ಲಿ ಭಾರತಕ್ಕೂ ಬಂದ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ ಫೋನಿಗೆ 10, ಕಂಪ್ಯೂಟರಿಗೆ 20 ಇದ್ದರೆ ನಡೆಯುತ್ತದೆ. ಇಷ್ಟು ವೇಗ ಈಗ ಸಣ್ಣ ಊರಿನ ಫೈಬರಿನಲ್ಲೂ ಸಿಗುತ್ತದೆ.

ತೊಂದರೆ ಇರುವುದು ವಿಳಂಬದಲ್ಲಿ (ಸರ್ವರಿಗೆ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು), ಅದಕ್ಕಿಂತ ಹೆಚ್ಚಾಗಿ ವಿಳಂಬದ ಏರುಪೇರಿನಲ್ಲಿ. ಸಿನಿಮಾ ನೋಡುವಾಗ ಆ್ಯಪ್ ಮುಂದಿನ ಅರ್ಧ ನಿಮಿಷದ ದೃಶ್ಯವನ್ನು ಮೊದಲೇ ತಂದಿಟ್ಟುಕೊಳ್ಳುತ್ತದೆ. ಹಾಗಾಗಿ ನಡುವೆ ನೆಟ್ ಎರಡು ಸೆಕೆಂಡ್ ಹೋಗಿ ಬಂದರೂ ನಿಮಗೆ ಗೊತ್ತಾಗುವುದಿಲ್ಲ. ಗೇಮಿನಲ್ಲಿ ಮುಂದಿನ ಚಿತ್ರ ಯಾವುದು ಎಂಬುದು ನೀವು ಒತ್ತುವ ಬಟನ್ ಮೇಲೆ ನಿಂತಿರುತ್ತದೆ, ಮೊದಲೇ ತಂದಿಡುವ ಮಾತೇ ಇಲ್ಲ. ಸೆಕೆಂಡಿಗೆ 60 ಫ್ರೇಮ್ ಅಂದರೆ ಪ್ರತಿ ಫ್ರೇಮಿಗೆ 16.7 ಮಿಲಿಸೆಕೆಂಡ್. ಒಂದು ಪ್ಯಾಕೆಟ್ (ನೆಟ್‌ನಲ್ಲಿ ಸಾಗುವ ಡೇಟಾದ ತುಣುಕು) 100 ಮಿಲಿಸೆಕೆಂಡ್ ತಡವಾದರೆ ಆರು ಫ್ರೇಮ್ ಹೋದ ಹಾಗೆ. ಸದಾ 45 ಮಿಲಿಸೆಕೆಂಡ್ ತೋರಿಸುವ ಸಂಪರ್ಕದಲ್ಲಿ ಆಡಬಹುದು. 15ಕ್ಕೂ 150ಕ್ಕೂ ನಡುವೆ ಕುಣಿಯುವ ಸಂಪರ್ಕದಲ್ಲಿ ಆಡಲಾಗದು, ಅದರ ಸರಾಸರಿ ಎಷ್ಟೇ ಚೆನ್ನಾಗಿ ಕಂಡರೂ.

ಸರ್ವರ್ ಎಲ್ಲಿದೆ ಎಂಬುದರ ಮೇಲೆ ನಮ್ಮ ಹಿಡಿತವಿಲ್ಲ. ಫೈಬರಿನಲ್ಲಿ ಬೆಳಕು ಸುಮಾರು 200 ಕಿ.ಮೀ.ಗೆ 1 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೆಂಗಳೂರಿನಿಂದ ಮುಂಬೈಗೆ ಕೇಬಲ್ ಹಾದಿ 1000 ಕಿ.ಮೀ. ಎಂದುಕೊಂಡರೆ ಹೋಗಿ ಬರಲು ಕನಿಷ್ಠ 10. ನಡುವಿನ ಉಪಕರಣಗಳೆಲ್ಲ ಸೇರಿ 20-30 ಆಗುತ್ತದೆ. ಸಿಂಗಪುರದ ಸರ್ವರ್ ಆದರೆ ಬೆಳಕಿನ ಲೆಕ್ಕವೇ 30 ದಾಟುತ್ತದೆ. ಜಿಫೋರ್ಸ್ ನೌ 80ಕ್ಕಿಂತ ಕಡಿಮೆ ಇರಲೇಬೇಕು, 40ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು ಎನ್ನುತ್ತದೆ. ಅಂದರೆ ದೂರಕ್ಕೆ ಹೋಗುವ ಪಾಲು ಹೋಗಿಯೇ ಹೋಗುತ್ತದೆ, ಉಳಿತಾಯಕ್ಕೆ ಜಾಗ ಇರುವುದು ಮನೆಯೊಳಗೆ.

ಮೊದಲು ಅಳೆಯಿರಿ

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಆಜ್ಞೆ ಕೊಡಿ, ಒಂದು ವಿಳಾಸಕ್ಕೆ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಅದು ಹೇಳುತ್ತದೆ. ವಿಳಾಸದ ಜಾಗದಲ್ಲಿ ನಿಮ್ಮ ರೂಟರಿನದನ್ನೇ ಹಾಕಿ (ಸಾಮಾನ್ಯವಾಗಿ 192.168.1.1 ಅಥವಾ 192.168.0.1). ಕೊನೆಗೆ ಹೈಫನ್ ಮತ್ತು ಟಿ ಸೇರಿಸಿದರೆ ನೀವು ನಿಲ್ಲಿಸುವ ತನಕ ಓಡುತ್ತಿರುತ್ತದೆ. ಐದು ನಿಮಿಷ ಬಿಟ್ಟು ಕಂಟ್ರೋಲ್ ಮತ್ತು ಸಿ ಒತ್ತಿ, ಕೊನೆಯಲ್ಲಿ ಬರುವ ಕನಿಷ್ಠ, ಗರಿಷ್ಠ, ಸರಾಸರಿ ನೋಡಿ. ಕೇಬಲ್‌ನಲ್ಲಿದ್ದರೆ 1ಕ್ಕಿಂತ ಕಡಿಮೆ ಬರಬೇಕು. ಒಳ್ಳೆಯ 5 ಗಿಗಾಹರ್ಟ್ಸ್ ವೈಫೈಯಲ್ಲಿ 2ರಿಂದ 5. ಗರಿಷ್ಠ ಅಂಕಿ 80, 120 ಎಂದು ಏರಿದ್ದರೆ ಗೇಮ್ ಕಂಪನಿಯನ್ನೂ ಇಂಟರ್ನೆಟ್ ಕಂಪನಿಯನ್ನೂ ಬೈಯುವ ಅಗತ್ಯವಿಲ್ಲ. ನಿಮ್ಮ ಮಾತು ಇನ್ನೂ ಮನೆಯ ಗೋಡೆಯನ್ನೇ ದಾಟಿಲ್ಲ.

ಇದು ಸರಿಯಿದ್ದರೆ ಹೊರಗಿನ ಒಂದು ವಿಳಾಸಕ್ಕೆ, ಗೂಗಲ್‌ನ 8.8.8.8 ಆದರೂ ಸಾಕು, ಅದೇ ಪರೀಕ್ಷೆ ಮಾಡಿ. ಮಧ್ಯಾಹ್ನ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ. ರೂಟರಿನ ತನಕ ಚೊಕ್ಕಟವಾಗಿದ್ದು ರಾತ್ರಿ ಮಾತ್ರ ಹೊರಗೆ ಏರುತ್ತಿದ್ದರೆ ನೆಟ್ ಕೊಡುವವರ ಕಡೆ ದಟ್ಟಣೆ ಇದೆ. ದೂರು ಕೊಡುವಾಗ ಎರಡೂ ಹೊತ್ತಿನ ಸ್ಕ್ರೀನ್‌ಶಾಟ್ ಲಗತ್ತಿಸಿ. ‘ಸ್ಪೀಡ್ ಬರುತ್ತಿಲ್ಲ’ ಎಂದು ಬರೆದರೆ ಅವರು ಸ್ಪೀಡ್ ಟೆಸ್ಟ್ ಮಾಡಿ ತೋರಿಸಿ ದೂರು ಮುಚ್ಚುತ್ತಾರೆ. ‘ಪಿಂಗ್ ಏರುತ್ತಿದೆ’ ಎಂದೇ ಬರೆಯಿರಿ.

ವೈಫೈ, ಅಥವಾ ವೈಫೈ ಬಿಡುವುದು

ಕೇಬಲ್ ಎಳೆಯಲು ಸಾಧ್ಯವಿದ್ದರೆ ಎಳೆಯಿರಿ. ಕ್ಯಾಟ್ 5ಇ ದರ್ಜೆಯ ನೆಟ್‌ವರ್ಕ್ ಕೇಬಲ್ ಸಾಕು, 100 ಮೀಟರ್ ತನಕ ಅದು ಗಿಗಾಬಿಟ್ ಒಯ್ಯುತ್ತದೆ. ಬಹುತೇಕ ಟಿವಿಗಳ ಈಥರ್ನೆಟ್ ಪೋರ್ಟ್ ಬರೀ 100 ಎಂಬಿಪಿಎಸ್‌ನದು. ಗೇಮಿಗೆ ಬೇಕಾದ 25ಕ್ಕೆ ಅದು ಧಾರಾಳ, ಆದ್ದರಿಂದ ‘ವೈಫೈಯೇ ವೇಗ ಜಾಸ್ತಿ’ ಎಂದು ಪ್ಲಗ್ ಕಿತ್ತುಹಾಕಬೇಡಿ. ಫೋನಿಗೂ ಯುಎಸ್‌ಬಿ-ಸಿ ಈಥರ್ನೆಟ್ ಅಡಾಪ್ಟರ್ ಸಿಗುತ್ತದೆ.

ವೈಫೈಯೇ ಗತಿಯಾದರೆ 2.4 ಗಿಗಾಹರ್ಟ್ಸ್ ಮರೆತುಬಿಡಿ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಪಾರ್ಟ್‌ಮೆಂಟಿನ ಇಪ್ಪತ್ತು ರೂಟರ್‌ಗಳು ಆ ಮೂರನ್ನೇ ಹಂಚಿಕೊಳ್ಳಬೇಕು. ಬ್ಲೂಟೂತ್ ಕಂಟ್ರೋಲರ್ ಮತ್ತು ಮೈಕ್ರೋವೇವ್ ಒಲೆ ಕೂಡ ಅದೇ ತರಂಗಪಟ್ಟಿಯಲ್ಲಿವೆ. ಫೋನ್ 2.4ರಲ್ಲಿ ವೈಫೈ ಹಿಡಿದು, ಅದೇ ಪಟ್ಟಿಯಲ್ಲಿ ಬ್ಲೂಟೂತ್ ಕಂಟ್ರೋಲರ್ ಜೊತೆಗೂ ಮಾತಾಡುವಾಗ ಎರಡೂ ಒಂದನ್ನೊಂದು ತಡೆಯುತ್ತವೆ. ಬಟನ್ ಒತ್ತಿದ್ದು ಆಗಾಗ ತಪ್ಪಿಹೋಗುವುದಕ್ಕೆ ಇದೂ ಒಂದು ಕಾರಣ. ಕಂಟ್ರೋಲರನ್ನು ಯುಎಸ್‌ಬಿ ವೈರಿನಲ್ಲಿ ಜೋಡಿಸಿ ನೋಡಿದರೆ ಅನುಮಾನ ಬಗೆಹರಿಯುತ್ತದೆ.

ರೂಟರಿನ ಸೆಟ್ಟಿಂಗಿನಲ್ಲಿ 2.4ಕ್ಕೂ 5ಕ್ಕೂ ಬೇರೆ ಬೇರೆ ಹೆಸರಿಡಿ. ಒಂದೇ ಹೆಸರಿದ್ದರೆ ಸಾಧನ ತನಗೆ ತೋಚಿದ್ದನ್ನು ಹಿಡಿಯುತ್ತದೆ. 5ರಲ್ಲಿ ಚಾನೆಲ್ ‘ಆಟೋ’ ಬಿಡಬೇಡಿ, 36-48 ಅಥವಾ 149-161ರಲ್ಲಿ ಒಂದನ್ನು ಆರಿಸಿ. ನಡುವಿನ 52ರಿಂದ 144ರ ತನಕದವು ರಾಡಾರ್ ಜೊತೆ ಹಂಚಿಕೊಂಡ ಚಾನೆಲ್‌ಗಳು. ರಾಡಾರ್ ಸದ್ದು ಕೇಳಿದೆ ಅನ್ನಿಸಿದರೆ ರೂಟರ್ ತಕ್ಷಣ ಚಾನೆಲ್ ಬಿಟ್ಟು ಹೋಗಬೇಕು, ಆಗ ಎಲ್ಲರ ಸಂಪರ್ಕ ಕಡಿಯುತ್ತದೆ. ಅಕ್ಕಪಕ್ಕ ಗದ್ದಲ ಜಾಸ್ತಿ ಇದ್ದರೆ ಚಾನೆಲ್ ಅಗಲವನ್ನು 80ರಿಂದ 40 ಮೆಗಾಹರ್ಟ್ಸ್‌ಗೆ ಇಳಿಸಿ. ವೇಗ ಕಡಿಮೆಯಾಗುತ್ತದೆ, ಆದರೆ ಸ್ಥಿರತೆ ಬರುತ್ತದೆ, ನಮಗೆ ಬೇಕಾದದ್ದೂ ಅದೇ.

5 ಗಿಗಾಹರ್ಟ್ಸ್ ಗೋಡೆಗೆ ಹೆದರುತ್ತದೆ. ಇಟ್ಟಿಗೆಯ ಗೋಡೆ ಒಂದಾದರೆ ಪರವಾಗಿಲ್ಲ, ಎರಡಾದರೆ ಕಷ್ಟ, ಆರ್‌ಸಿಸಿ ಅಥವಾ ಕಲ್ಲುಗೋಡೆ ಬಂದರೆ ಮುಗಿಯಿತು. ಅಗ್ಗದ ರಿಪೀಟರ್ ಹಾಕಿ ಸರಿಮಾಡಲು ಹೋಗಬೇಡಿ. ಅದು ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳುತ್ತದೆ, ವೇಗ ಅರ್ಧವಾಗಿ ವಿಳಂಬ ಹೆಚ್ಚುತ್ತದೆ. ಹಜಾರದ ರೂಟರಿನಿಂದ ಕೋಣೆಗೆ ಒಂದೇ ಕೇಬಲ್ ಎಳೆದು, ಅಲ್ಲಿ ಹಳೆಯ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿನಲ್ಲಿ (ಬರೀ ವೈಫೈ ಕೊಡುವಂತೆ) ಇಡುವುದು ಕಡಿಮೆ ಖರ್ಚಿನ ದಾರಿ.

ಆ್ಯಪಲ್ ಸಾಧನಗಳಲ್ಲಿ ಇನ್ನೊಂದು ಕಿರಿಕಿರಿ ಇದೆ. ಹತ್ತಿರದ ಸಾಧನಕ್ಕೆ ಫೈಲ್ ಕಳಿಸುವ ಏರ್‌ಡ್ರಾಪ್‌ಗಾಗಿ ವೈಫೈ ರೇಡಿಯೋ ಆಗಾಗ ಬೇರೆ ಚಾನೆಲ್‌ಗೆ ಹಾರಿ ಬರುತ್ತದೆ. ಕೆಲವು ಸೆಕೆಂಡಿಗೊಮ್ಮೆ ಕ್ರಮವಾಗಿ ಚಿತ್ರ ನಡುಗುತ್ತಿದ್ದರೆ ಆಟದ ಹೊತ್ತಿಗೆ ಏರ್‌ಡ್ರಾಪ್ ಮತ್ತು ಏರ್‌ಪ್ಲೇ ರಿಸೀವರ್ ಆಫ್ ಮಾಡಿ.

ಮನೆಯವರ ಅಪ್‌ಲೋಡ್

ಯಾರೂ ನೆಟ್ ಬಳಸದಾಗ 20 ಮಿಲಿಸೆಕೆಂಡ್, ಯಾರೋ ಮದುವೆಯ ವಿಡಿಯೋಗಳನ್ನು ಗೂಗಲ್ ಫೋಟೋಸ್‌ಗೆ ಏರಿಸತೊಡಗಿದ ಕೂಡಲೇ 300. ಇದು ರೂಟರಿನ ಬಫರ್ (ಪ್ಯಾಕೆಟ್‌ಗಳು ಸರದಿಗೆ ಕಾಯುವ ಜಾಗ) ತುಂಬಿಕೊಳ್ಳುವ ರೋಗ. ನಿಮ್ಮ ಬಟನ್ನಿನ ಪುಟ್ಟ ಪ್ಯಾಕೆಟ್, ವಿಡಿಯೋದ ನೂರಾರು ಪ್ಯಾಕೆಟ್‌ಗಳ ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ. ಪಿಂಗ್ ಓಡುತ್ತಿರುವಾಗಲೇ ಬೇಕಂತಲೇ ದೊಡ್ಡ ಫೈಲ್ ಅಪ್‌ಲೋಡ್ ಮಾಡಿ ಪರೀಕ್ಷಿಸಿ. ಅಂಕಿ ಮೊದಲಿದ್ದದ್ದಕ್ಕಿಂತ 30ಕ್ಕೂ ಹೆಚ್ಚು ಏರಿದರೆ ಚಿಕಿತ್ಸೆ ಬೇಕು.

ಚಿಕಿತ್ಸೆ ಎಂದರೆ ಎಸ್‌ಕ್ಯೂಎಂ, ಅಂದರೆ ಸಾಲನ್ನು ಜಾಣತನದಿಂದ ನಿಭಾಯಿಸುವ ವ್ಯವಸ್ಥೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಿದ ರೂಟರ್‌ಗಳಲ್ಲಿ ‘ಕೇಕ್’ ಎಂಬ ವಿಧಾನ ಸಿಗುತ್ತದೆ, ಅದನ್ನೇ ಆರಿಸಿ. ಮುಖ್ಯವಾದದ್ದು ಮಿತಿಯ ಅಂಕಿ. ಅಳೆದ ವೇಗದ ಶೇ 85ರಿಂದ 90ನ್ನು ಅಲ್ಲಿ ಬರೆಯಬೇಕು. ಪೂರ್ತಿ ವೇಗ ಬರೆದರೆ ಸಾಲು ಮತ್ತೆ ಕಂಪನಿಯ ಪೆಟ್ಟಿಗೆಯಲ್ಲೇ ಬೆಳೆಯುತ್ತದೆ, ನಿಮ್ಮ ರೂಟರಿಗೆ ಮಾಡಲು ಏನೂ ಉಳಿಯುವುದಿಲ್ಲ. ಎಷ್ಟೋ ಜನ ಇಲ್ಲೇ ಎಡವಿ ‘ಎಸ್‌ಕ್ಯೂಎಂನಿಂದ ಏನೂ ಪ್ರಯೋಜನವಿಲ್ಲ’ ಎನ್ನುತ್ತಾರೆ. ಅಗ್ಗದ ರೂಟರಿನ ಪ್ರೊಸೆಸರ್ ಹೆಚ್ಚು ವೇಗದಲ್ಲಿ ಈ ಕೆಲಸ ಮಾಡಲಾರದು ಎಂಬುದೂ ನೆನಪಿರಲಿ. ಕಂಪನಿ ಕೊಟ್ಟ ಪೆಟ್ಟಿಗೆಯಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಅದನ್ನು ಬ್ರಿಡ್ಜ್ ಮೋಡಿಗೆ (ರೂಟರ್ ಕೆಲಸ ಬಿಟ್ಟು ನೆಟ್ ದಾಟಿಸುವುದಷ್ಟೇ) ಹಾಕಲು ಹೇಳಿ, ಹಿಂದೆ ನಿಮ್ಮದೇ ರೂಟರ್ ಇಡಿ. ಇದೇ ಹೊಂದಾಣಿಕೆ ಕಚೇರಿಯ ವಿಡಿಯೋ ಮೀಟಿಂಗಿಗೂ ರಿಮೋಟ್ ಡೆಸ್ಕ್‌ಟಾಪಿಗೂ ಉಪಕಾರಿ. ಅಂದಹಾಗೆ, ಕಚೇರಿಯ ವಿಪಿಎನ್ ಆನ್ ಇಟ್ಟುಕೊಂಡು ಗೇಮ್ ಆಡಬೇಡಿ: ಹಾದಿ ಸುತ್ತುಬಳಸು, ಜೊತೆಗೆ ಐಟಿ ವಿಭಾಗದವರ ಕಣ್ಣು.

ಡೇಟಾ ಲೆಕ್ಕ ಬೇಗ ಮುಗಿಯುತ್ತದೆ. 20 ಎಂಬಿಪಿಎಸ್ ಹರಿವು ಗಂಟೆಗೆ 9 ಜಿಬಿ, ದಿನಕ್ಕೆರಡು ಗಂಟೆಯಂತೆ ತಿಂಗಳಿಗೆ 540. ಫೈಬರಿಗೆ ಇದು ಭಾರವಲ್ಲ. ದಿನಕ್ಕೆ 2 ಜಿಬಿ ಇರುವ ಮೊಬೈಲ್ ಪ್ಯಾಕ್ 10 ಎಂಬಿಪಿಎಸ್‌ನಲ್ಲೂ ಅರ್ಧ ಗಂಟೆ ಬಾಳುವುದಿಲ್ಲ.

ಐಫೋನಿನಲ್ಲಿ ಬ್ರೌಸರ್ ಯಾಕೆ, ಹಣ ಎಲ್ಲಿ ಕಟ್ಟಬೇಕು

ಆ್ಯಂಡ್ರಾಯ್ಡ್‌ನಲ್ಲಿ ಆ್ಯಪ್ ಹಾಕಿದರೆ ಆಯಿತು. ಐಫೋನಿನಲ್ಲಿ ಸಫಾರಿ ತೆರೆಯಬೇಕು. ಇದರ ಬೇರು ಆ್ಯಪ್ ಸ್ಟೋರ್ ಜಗಳದಲ್ಲಿದೆ. 2020ರಲ್ಲಿ ಆ್ಯಪಲ್, ಸ್ಟ್ರೀಮ್ ಆಗುವ ಒಂದೊಂದು ಗೇಮೂ ಪ್ರತ್ಯೇಕ ಆ್ಯಪ್ ಆಗಿ ಸ್ಟೋರಿಗೆ ಬರಬೇಕು, ಒಳಗಿನ ಖರೀದಿ ತನ್ನ ಪಾವತಿ ವ್ಯವಸ್ಥೆಯಲ್ಲೇ ಆಗಬೇಕು ಎಂದು ನಿಯಮ ಮಾಡಿತು. ಆ ಖರೀದಿಯಲ್ಲಿ ಅದರ ಪಾಲು ಶೇ 30. ನೂರಾರು ಗೇಮ್‌ಗಳ ಸೇವೆಗೆ ಇದು ಆಗದ ಮಾತಾಗಿತ್ತು. ಮೈಕ್ರೋಸಾಫ್ಟ್, ಎನ್ವಿಡಿಯಾ ಎರಡೂ ಬ್ರೌಸರ್ ಹಾದಿ ಹಿಡಿದವು. ಆ್ಯಪಲ್ ಜೊತೆಗಿನ ಕಲಹದಲ್ಲಿ ಸ್ಟೋರಿನಿಂದ ಹೊರಬಿದ್ದ ಫೋರ್ಟ್‌ನೈಟ್ ಗೇಮ್ ಕೂಡ 2022ರ ಮೇನಲ್ಲಿ ಎಕ್ಸ್‌ಬಾಕ್ಸ್ ಕ್ಲೌಡ್ ಮೂಲಕ ಐಫೋನಿನ ಬ್ರೌಸರಿಗೆ ಮರಳಿತು. 2024ರ ಜನವರಿಯಲ್ಲಿ ಆ್ಯಪಲ್ ಆ ನಿಯಮ ಸಡಿಲಿಸಿತಾದರೂ ಅಷ್ಟರಲ್ಲಿ ಬ್ರೌಸರ್ ಹಾದಿಯೇ ರೂಢಿಯಾಗಿತ್ತು.

ಮಾಡುವುದು ಹೀಗೆ: ಸಫಾರಿಯಲ್ಲಿ ಸೇವೆಯ ತಾಣ ತೆರೆದು, ಶೇರ್ ಗುಂಡಿ ಒತ್ತಿ, ‘ಆ್ಯಡ್ ಟು ಹೋಮ್ ಸ್ಕ್ರೀನ್’ ಆರಿಸಿ. ಮುಂದೆ ಆ ಐಕಾನ್‌ನಿಂದಲೇ ತೆರೆಯಿರಿ, ವಿಳಾಸಪಟ್ಟಿ ಇಲ್ಲದೆ ಪೂರ್ತಿ ಪರದೆ ಸಿಗುತ್ತದೆ. ಕಂಟ್ರೋಲರನ್ನು ಮೊದಲೇ ಜೋಡಿಸಿಡಿ. ಲೋ ಪವರ್ ಮೋಡ್ ಆಫ್ ಇರಲಿ, ಆನ್ ಇದ್ದರೆ ಬ್ರೌಸರಿನ ಚಿತ್ರ ತೊದಲಬಹುದು.

ಚಂದಾ ಕಟ್ಟುವುದು ಆದಷ್ಟೂ ಸೇವೆಯ ತಾಣದಲ್ಲೇ. ಚಂದಾ ಮೇಲೆ ಆ್ಯಪಲ್ ಮೊದಲ ವರ್ಷ ಶೇ 30, ಆಮೇಲೆ ಶೇ 15 ತೆಗೆದುಕೊಳ್ಳುತ್ತ ಬಂದಿದೆ. ಗೂಗಲ್ ಪ್ಲೇ 2022ರಿಂದ ಮೊದಲ ದಿನವೇ ಶೇ 15. ಈ ಪಾಲನ್ನು ಕೆಲವು ಕಂಪನಿಗಳು ನೇರವಾಗಿ ಗಿರಾಕಿಯ ಮೇಲೆ ಹೇರುತ್ತವೆ. ಅಮೆರಿಕದಲ್ಲಿ ತಾಣದಲ್ಲಿ 13.99 ಡಾಲರ್ ಇದ್ದ ಯೂಟ್ಯೂಬ್ ಪ್ರೀಮಿಯಂ ಐಫೋನ್ ಆ್ಯಪಿನೊಳಗೆ 18.99 ಆಗಿತ್ತು. ನಮ್ಮಲ್ಲೂ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 25ರಂದು ಪ್ಲೇ ಬಿಲ್ಲಿಂಗ್ (ಪ್ಲೇ ಸ್ಟೋರಿನ ಪಾವತಿ ವ್ಯವಸ್ಥೆ) ವಿಚಾರಕ್ಕೆ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತ್ತು. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು 216.69 ಕೋಟಿಗೆ ಇಳಿಸಿತು. ಈ ನಡುವೆ ಬಂದ ಪರ್ಯಾಯ ಬಿಲ್ಲಿಂಗ್‌ನಲ್ಲಿ (ಬೇರೆ ಗೇಟ್‌ವೇ ಮೂಲಕ ಹಣ ಕಟ್ಟುವ ಅವಕಾಶ) ಗೂಗಲ್ ತನ್ನ ಪಾಲಿನಲ್ಲಿ ಬಿಟ್ಟುಕೊಟ್ಟದ್ದು ಬರೀ ನಾಲ್ಕು ಶೇಕಡಾ ಅಂಶ. ಪೇಮೆಂಟ್ ಗೇಟ್‌ವೇಗೆ ಕೊಟ್ಟ ಮೇಲೆ ಡೆವಲಪರ್ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ.

ಸ್ಟೋರ್ ಮೂಲಕ ಕಟ್ಟಿದ ಚಂದಾವನ್ನು ಸ್ಟೋರಿನಲ್ಲೇ ರದ್ದು ಮಾಡಬೇಕು. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಕಾರ್ಡಿನಿಂದ ಹಣ ಹೋಗುವ 24 ಗಂಟೆ ಮೊದಲು ಬ್ಯಾಂಕಿನಿಂದ ಸಂದೇಶ ಬರುತ್ತದೆ, ಅದನ್ನು ಓದದೆ ಅಳಿಸಬೇಡಿ.

ಗೇಮ್ ಖರೀದಿಸುವಾಗ ಅದು ಯಾರ ಹೆಸರಲ್ಲಿ, ಎಲ್ಲಿ ಉಳಿಯುತ್ತದೆ ನೋಡಿ. ಗೂಗಲ್‌ನ ಕ್ಲೌಡ್ ಗೇಮಿಂಗ್ ಸೇವೆ ಸ್ಟೇಡಿಯಾ 2023ರ ಜನವರಿ 18ಕ್ಕೆ ಮುಚ್ಚಿದಾಗ ಹಣ ಮರಳಿತು, ಎಲ್ಲರೂ ಹಾಗೆ ಕೊಡುತ್ತಾರೆಂಬ ಖಾತ್ರಿ ಇಲ್ಲ. ಸ್ಟೀಮ್ ಎಂಬ ಗೇಮ್ ಅಂಗಡಿಯಲ್ಲಿ ಕೊಂಡು ಜಿಫೋರ್ಸ್ ನೌನಲ್ಲಿ ಆಡಿದರೆ ಗೇಮ್ ನಿಮ್ಮ ಸ್ಟೀಮ್ ಖಾತೆಯಲ್ಲೇ ಇರುತ್ತದೆ. ಆದರೆ 2020ರಲ್ಲಿ ಆ್ಯಕ್ಟಿವಿಷನ್ ಬ್ಲಿಝಾರ್ಡ್ ಮತ್ತು ಬೆಥೆಸ್ಡಾ ಕಂಪನಿಗಳು ತಮ್ಮ ಗೇಮ್‌ಗಳನ್ನು ಅಲ್ಲಿಂದ ಹಿಂತೆಗೆದುಕೊಂಡಂತೆ, ಸ್ಟ್ರೀಮ್ ಮಾಡುವ ಅವಕಾಶ ಯಾವಾಗ ಬೇಕಾದರೂ ಹೋಗಬಹುದು.

ಸ್ವಂತ ಪಿಸಿಯೇ ಸರ್ವರ್

ಮನೆಯಲ್ಲಿ ಗೇಮಿಂಗ್ ಪಿಸಿ ಇದ್ದರೆ ಅದರಲ್ಲಿ ಗೇಮಿನ ಚಿತ್ರ ಕಳಿಸುವ ಸನ್‌ಶೈನ್, ಫೋನ್ ಅಥವಾ ಟಿವಿಯಲ್ಲಿ ಅದನ್ನು ತೋರಿಸುವ ಮೂನ್‌ಲೈಟ್ ತಂತ್ರಾಂಶ ಹಾಕಿ. ಎರಡೂ ಉಚಿತ. ಮೂನ್‌ಲೈಟ್ ತೋರಿಸುವ ನಾಲ್ಕಂಕಿಯ ಪಿನ್ ಅನ್ನು ಸನ್‌ಶೈನ್‌ನ ಪುಟದಲ್ಲಿ ಹಾಕಿದರೆ ಜೋಡಣೆ ಆಯಿತು. 1080ಪಿ, 60 ಫ್ರೇಮಿಗೆ 20 ಎಂಬಿಪಿಎಸ್‌ನಿಂದ ಶುರುಮಾಡಿ. ಪಿಸಿಯಲ್ಲಿ ಮೂನ್‌ಲೈಟ್ ಬಳಸುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಜೊತೆ ಎಸ್ ಒತ್ತಿದರೆ ಅಂಕಿಅಂಶ ಕಾಣುತ್ತದೆ. ನೆಟ್‌ನಲ್ಲಿ ಕಳೆದ ಫ್ರೇಮ್ ಹೆಚ್ಚಿದ್ದರೆ ವೈಫೈ ನೋಡಿ. ಡಿಕೋಡ್ ಸಮಯ (ಬಂದ ವಿಡಿಯೋವನ್ನು ಚಿತ್ರವಾಗಿ ಬಿಡಿಸುವ ಹೊತ್ತು) 16 ಮಿಲಿಸೆಕೆಂಡ್ ದಾಟಿದ್ದರೆ ಆಡುವ ಸಾಧನ ಸೋಲುತ್ತಿದೆ, ಕೋಡೆಕ್ (ವಿಡಿಯೋ ಕುಗ್ಗಿಸುವ ವಿಧಾನ) ಬದಲಿಸಿ ಅಥವಾ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಇದೆಯೇ ನೋಡಿ. ಪಿಸಿಗೆ ಮಾನಿಟರ್ ಇಲ್ಲದಿದ್ದರೆ ಚಿತ್ರವೇ ಬರದಿರಬಹುದು, ಮಾನಿಟರ್ ಇದೆಯೆಂದು ಪಿಸಿಯನ್ನು ನಂಬಿಸುವ ಒಂದು ಡಮ್ಮಿ ಎಚ್‌ಡಿಎಂಐ ಪ್ಲಗ್ ಚುಚ್ಚಿದರೆ ಸರಿಹೋಗುತ್ತದೆ.

ಹೊರಗಿನಿಂದ ಆಡಲು ರೂಟರಿನಲ್ಲಿ ಪೋರ್ಟ್ (ಹೊರಗಿನ ಸಂಪರ್ಕ ಒಳಬರುವ ಬಾಗಿಲು) ತೆರೆಯುವ ಸಾಹಸ ಬೇಡ. ನಮ್ಮ ಬಹಳಷ್ಟು ಸಂಪರ್ಕಗಳಲ್ಲಿ ಸಾರ್ವಜನಿಕ ಐಪಿ ವಿಳಾಸ ಹಲವರ ನಡುವೆ ಹಂಚಿಹೋಗಿರುತ್ತದೆ, ತೆರೆದರೂ ಕೆಲಸ ಮಾಡದು. ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲ ಎರಡೂ ಕಡೆ ಹಾಕಿ. 47990 ಪೋರ್ಟ್ ಸನ್‌ಶೈನ್‌ನ ನಿರ್ವಹಣಾ ಪುಟದ್ದು, ಅದನ್ನಂತೂ ಇಂಟರ್ನೆಟ್‌ಗೆ ತೆರೆಯಲೇಬಾರದು.

ಎಲ್ಲ ಸರಿಮಾಡಿಯೂ ಚಿತ್ರ ಚೊಕ್ಕಟ, ಆದರೆ ಕೈಗೂ ಪರದೆಗೂ ಹೊಂದಾಣಿಕೆ ಇಲ್ಲ ಅನ್ನಿಸಿದರೆ ಟಿವಿಯ ಚಿತ್ರ ಸಂಸ್ಕರಣೆಯನ್ನು ಶಂಕಿಸಿ, ಗೇಮ್ ಮೋಡ್ ಆನ್ ಮಾಡಿ. ಚಿತ್ರ ಚೌಕಚೌಕವಾಗಿ ಒಡೆಯುತ್ತಿದ್ದರೆ ಪ್ಯಾಕೆಟ್ ಕಳೆದುಹೋಗುತ್ತಿದೆ, ರೆಸೊಲ್ಯೂಷನ್ ಒಂದು ಮೆಟ್ಟಿಲು ಇಳಿಸಿ. ಕರೆಂಟ್ ಹೋಗುವ ಊರಾದರೆ ರೂಟರಿಗೂ ಫೈಬರ್ ಪೆಟ್ಟಿಗೆಗೂ ಮಿನಿ ಯುಪಿಎಸ್ ಹಾಕಿ. ಕೊಳ್ಳುವ ಮುನ್ನ ಎರಡೂ ಅಡಾಪ್ಟರ್‌ಗಳ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಓದಿ: 12 ವೋಲ್ಟ್ 1 ಆಂಪಿಯರ್‌ನ ಎರಡು ಸಾಧನಗಳಿಗೆ ಕನಿಷ್ಠ 2 ಆಂಪಿಯರ್ ಕೊಡುವಂಥದ್ದು ಬೇಕು.