ಕಿಡ್ನಿ ಕಸಿ, ಸ್ಟೆಮ್ ಸೆಲ್ ಮತ್ತು ಹಿತ್ತಲಿನ ಚಕ್ಕೋತ

ವಿರಾಜಪೇಟೆಯಲ್ಲಿ ಫಿಜಿಷಿಯನ್ ಆಗಿರುವ ನನ್ನ ಬಳಿ ಕಿಡ್ನಿ ಕಸಿಯಾದವರು ಬರುವುದು ಜ್ವರ, ಕೆಮ್ಮು, ಭೇದಿ ಅಂತ. ಆಪರೇಷನ್ ಮೈಸೂರಲ್ಲೋ ಬೆಂಗಳೂರಲ್ಲೋ ಆಗಿರುತ್ತದೆ. ಈಚೆಗೆ ಜ್ವರದ ಮಾತು ಮುಗಿದ ಮೇಲೆ ಮೊಬೈಲ್ ಮುಂದೆ ಹಿಡಿಯುತ್ತಾರೆ: "ಡಾಕ್ಟ್ರೇ, ಸ್ಟೆಮ್ ಸೆಲ್ ಹಾಕ್ಸಿದ್ರೆ ಮಾತ್ರೆ ಬಿಡಬಹುದಂತಲ್ಲ?" ಅವರು ಹೇಳುವುದು, ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ದಿನಾ ನುಂಗುವ ಮಾತ್ರೆ.

ದನ ಸಾಕಿದವರಾದರೆ ನಾನು ಕರುಗಳಿಂದಲೇ ಶುರು ಮಾಡುತ್ತೇನೆ. ಅಮೆರಿಕದ ವಿಜ್ಞಾನಿ ರೇ ಓವನ್ 1945ರಲ್ಲಿ ಅವಳಿ ಕರುಗಳ ರಕ್ತ ನೋಡಿದಾಗ ಒಂದರ ರಕ್ತಕಣ ಇನ್ನೊಂದರಲ್ಲೂ ಇದ್ದವು. ಗರ್ಭದಲ್ಲೇ ರಕ್ತ ಹುಟ್ಟಿಸುವ ಮೂಲಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಅತ್ತಿತ್ತ ದಾಟಿದ್ದವು. ಬೆಳೆದ ಮೇಲೂ ದೇಹ ಅವನ್ನು ಹೊರಗಿನವು ಎಂದು ಓಡಿಸಲಿಲ್ಲ. ಕಸಿಯಲ್ಲೂ ಇದೇ ಆಸೆ: ಕಿಡ್ನಿ ಕೊಟ್ಟವರದೇ, ಈ ಮೂಲಕೋಶಗಳಿರುವ ಮೂಳೆಮಜ್ಜೆಯನ್ನೂ ಕೊಟ್ಟು ದೇಹವನ್ನು ಒಗ್ಗಿಸುವುದು. 2008ರಲ್ಲಿ ಬಾಸ್ಟನ್ನಿನ ವೈದ್ಯರು ಎಚ್‌ಎಲ್‌ಎ (ದೇಹ ತನ್ನದು, ಹೊರಗಿನದು ಎಂದು ಗುರುತಿಸುವ ಕೋಶದ ಗುರುತು) ದಾನಿಯ ಜೊತೆ ಪೂರ್ತಿ ಹೊಂದದ 5 ಜನರಿಗೆ ಹೀಗೆ ಮಾಡಿ, 4 ಜನರ ಮಾತ್ರೆ ನಿಲ್ಲಿಸಿದ್ದಾಗಿ ವರದಿ ಮಾಡಿದರು. ಉಳಿದೊಬ್ಬರು ಆ ಕಿಡ್ನಿಯನ್ನೇ ಕಳೆದುಕೊಂಡರು. ಮಜ್ಜೆ ಕೊಡುವ ಮೊದಲು ಕಟು ಔಷಧಿ, ವಿಕಿರಣ ಕೊಟ್ಟು ರೋಗಿಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸಬೇಕು. ಬಂದ ಕೋಶಗಳೇ ರೋಗಿಯ ಮೇಲೆ ತಿರುಗಿಬೀಳುವ ಅಪಾಯವೂ ಉಂಟು. ಹೊಟ್ಟೆಯ ಕೊಬ್ಬಿನಿಂದ ಕೋಶ ತೆಗೆದು ಚುಚ್ಚುವ "ಪ್ಯಾಕೇಜ್" ಬೇರೆಯೇ ವ್ಯಾಪಾರ. ಅದಕ್ಕೆ ತೋಟ ಅಡವಿಡಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ.

ನನ್ನ ನಿಜವಾದ ಕೆಲಸ, ತಿರಸ್ಕಾರ ತಡೆಯುವ ಆ ಮಾತ್ರೆಗಳಲ್ಲೊಂದಾದ ಟ್ಯಾಕ್ರೊಲಿಮಸ್‌ನ ಮಟ್ಟ ಕಾಯುವುದು. 12 ಗಂಟೆಗೊಮ್ಮೆ ನುಂಗುವ ಮಾತ್ರೆ. ರಕ್ತದಲ್ಲಿ ಅದರ ಮಟ್ಟ ನೋಡಬೇಕಾದ್ದು ಬೆಳಗಿನ ಮಾತ್ರೆಗೆ ಮುಂಚೆ. ಕುಟ್ಟದಿಂದ ಬಸ್ ಹತ್ತುವವರು ಅಭ್ಯಾಸಬಲದಿಂದ ಕಾಫಿ ಜೊತೆ ನುಂಗಿಯೇ ಬಿಡುತ್ತಾರೆ. ಆಗ ಮಟ್ಟ ಸುಳ್ಳು ಏರಿಕೆ ತೋರಿಸುತ್ತದೆ. ಅದನ್ನು ನಂಬಿ ಡೋಸ್ ಇಳಿಸಿದರೆ ದೇಹ ಕಿಡ್ನಿಯನ್ನು ತಿರಸ್ಕರಿಸಲು ದಾರಿ. ಹಾಗಾಗಿ ಮಾತ್ರೆ ಜೇಬಿನಲ್ಲಿರಲಿ, ಸೂಜಿ ತೆಗೆದ ಮೇಲೆ ನನ್ನೆದುರೇ ನುಂಗಿ ಅನ್ನುತ್ತೇನೆ. ಮಳೆಗಾಲಕ್ಕೆ ಮುಂಚೆ ಹೆಚ್ಚುವರಿ ಮಾತ್ರೆ ಮನೆಯಲ್ಲಿಡಿಸುತ್ತೇನೆ. ಗುಡ್ಡ ಜರಿದು ರಸ್ತೆ ಮುಚ್ಚಿದರೆ ಮೆಡಿಕಲ್ ಶಾಪು ಇದ್ದೂ ಇಲ್ಲದ ಹಾಗೆ.

ಒಬ್ಬರಿಗೆ ಕೈ ನಡುಕ. ಶರ್ಟಿನ ಗುಂಡಿ ಹಾಕಲು ಹೆಂಡತಿಯೇ ಬೇಕು. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಏರಿತ್ತು, ಟ್ಯಾಕ್ರೊಲಿಮಸ್ ಅದಕ್ಕಿಂತ ಜಾಸ್ತಿ ಏರಿತ್ತು. ಕೆಲವು ಮದ್ದುಗಳೂ ಈ ಮಟ್ಟ ಏರಿಸುತ್ತವೆ. ಹೊಸ ಆ್ಯಂಟಿಬಯೋಟಿಕ್? ಇಲ್ಲ. ಫಂಗಸ್ ಮಾತ್ರೆ? ಅದೂ ಇಲ್ಲ. ದಿನಾ ಏನೇನು ತಿನ್ನುತ್ತೀರಿ ಎಂದು ಕೆದಕಿದಾಗ ಹೆಂಡತಿ, "ಹಿತ್ತಲಲ್ಲಿ ಚಕ್ಕೋತ ಬಿಟ್ಟಿದೆಯಲ್ಲ, ರಾತ್ರಿ ಊಟಕ್ಕೆ ಬದಲು ಅದೇ" ಅಂದರು. ಟ್ಯಾಕ್ರೊಲಿಮಸ್ಸನ್ನು ಒಡೆಯುವ ಕರುಳಿನ ಕಿಣ್ವವನ್ನು ಆ ಹಣ್ಣು ತಡೆಯುತ್ತದೆ, ಮದ್ದು ರಕ್ತದಲ್ಲಿ ಏರುತ್ತದೆ. ಕಸಿ ಮಾಡಿದ ವೈದ್ಯರಿಗೆ ಫೋನ್ ಮಾಡಿ, ಹಣ್ಣು ನಿಲ್ಲಿಸಿ ಮತ್ತೆ ಪರೀಕ್ಷಿಸಿದೆವು, ಮಟ್ಟ ಇಳಿಯಿತು. ಮರ ಕಡಿಯಬೇಕಾ ಎಂದು ಕೇಳಿದರು. ಬೇಡ, ನೆಂಟರಿಗೆ ಹಂಚಿ ಅಂದೆ.